ಮೊಹತರ್ಫಾ ತೆತ್ತವನ ಆಸನ

ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು, ಗಂಟುಮೂಟೆಗಳೊಡನೆ ಜನಸಂದಣಿಯನ್ನು ಸೀಳಿಕೊಂಡು ರೈಲ್ವೆ ನಿಲ್ದಾಣದತ್ತ ಧಾವಿಸುವ ಪ್ರಯಾಣಿಕನಿಗೆ, ತಾನು ತುಳಿಯುತ್ತಿರುವ ನೆಲವು ಒಂದಾನೊಂದು ಕಾಲದಲ್ಲಿ ಧರ್ಮಾಂಬುಧಿಯೆಂಬ ಕೆರೆಯ ಅಂಗಳವಾಗಿತ್ತೆಂಬುದೂ, ಪೇಟೆಯ ದಾಹವನ್ನು ತಣಿಸಿದ ಆ ಜಲರಾಶಿ ಬತ್ತಿದ ಮೇಲೆಯೇ ಇಲ್ಲಿ ಬಸ್ಸುಗಳ ಪ್ರವಾಹ ಹರಿಯತೊಡಗಿತೆಂಬುದೂ ಸ್ಮರಣೆಗೆ ಬರುವುದು ವಿರಳ. ಈ ಬತ್ತಿದ ಕೆರೆಯ ಒಂದು ಮಗ್ಗುಲಿಗೆ, ರೈಲ್ವೆ ನಿಲ್ದಾಣದ ಸಮೀಪದಲ್ಲಿ, ಗುಬ್ಬಿ ತೋಟದಪ್ಪನವರ ಧರ್ಮಛತ್ರವಿದೆ; ಮತ್ತೊಂದು ಮಗ್ಗುಲಿಗೆ, ಕೆಂಪೇಗೌಡ ರಸ್ತೆಯಲ್ಲಿ, ನಾಡಿನ ವರ್ತಕರ ಮತ್ತು ಕೈಗಾರಿಕೋದ್ಯಮಿಗಳ ಮಹಾಸಂಸ್ಥೆಯ ಕಾರ್ಯಾಲಯವಿದೆ. ಒಂದು ವರ್ತಕನ ದಾನವನ್ನು ಸಾರುತ್ತದೆ, ಇನ್ನೊಂದು ವರ್ತಕನ ಧ್ವನಿಯನ್ನು. ವ್ಯಾಪಾರದಿಂದ ಬಂದವನು ಶಾಸನಸಭೆಯಲ್ಲಿ ಕುಳಿತುಕೊಳ್ಳುವಂತಾದುದು ಹೇಗೆ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವನು ಈ ಎರಡು ಕಟ್ಟಡಗಳ ನಡುವಣ ದಾರಿಯನ್ನು ಒಮ್ಮೆಯಾದರೂ ನಡೆದು ನೋಡಬೇಕು.

ಕಥೆಯ ಆರಂಭವು ಬೆಂಗಳೂರಿನಲ್ಲಿಲ್ಲ, ಮೈಸೂರಿನಲ್ಲಿದೆ. 1881ರ ಮಾರ್ಚಿನಲ್ಲಿ ಸಂಸ್ಥಾನವು ಚಾಮರಾಜೇಂದ್ರ ಒಡೆಯರ ಕೈಗೆ ಮರಳಿ ಬಂದಿತು. ಅದೇ ವರ್ಷದ ಆಗಸ್ಟ್ 25ರಂದು, ದಿವಾನ್ ರಂಗಾಚಾರ್ಲು ಅವರ ಪ್ರೇರಣೆಯಿಂದ, ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸುವ ಆಜ್ಞೆ ಹೊರಟಿತು. ಆ ಆಜ್ಞೆಯಲ್ಲಿ ನಮ್ಮ ಪ್ರಸ್ತುತಕ್ಕೆ ಅತ್ಯಂತ ಮುಖ್ಯವಾದ ಒಂದು ಮಾತಿದೆ. ಪ್ರತಿಯೊಂದು ತಾಲ್ಲೂಕಿನಿಂದಲೂ, ಭೂಮಿಯುಳ್ಳ, ಲೋಕಜ್ಞಾನವುಳ್ಳ, ಜನರಲ್ಲಿ ಗೌರವವುಳ್ಳ ಒಬ್ಬಿಬ್ಬರು ರೈತರನ್ನು ಆರಿಸಬೇಕು. ಅದರ ಜೊತೆಗೆ ಜಿಲ್ಲೆಯೊಂದಕ್ಕೆ ಮೂರು ನಾಲ್ಕು ಮಂದಿ ಪ್ರಮುಖ ವರ್ತಕರನ್ನು ಆರಿಸಬೇಕು. ರೈತನು ತಾಲ್ಲೂಕಿನ ಹೆಸರಿನಲ್ಲಿ ಬಂದನು, ವರ್ತಕನು ಜಿಲ್ಲೆಯ ಹೆಸರಿನಲ್ಲಿ ಬಂದನು. ನೇಗಿಲು ಒಂದು ಊರಿನ ಮಣ್ಣಿಗೆ ಸೇರಿದುದು, ತಕ್ಕಡಿ ಹತ್ತು ಊರುಗಳ ಸಂತೆಗೆ ಸೇರಿದುದು ಎಂಬ ತಿಳಿವಳಿಕೆ ಈ ವಿಂಗಡಣೆಯ ಹಿಂದೆ ಇದ್ದಿರಬೇಕೆಂದು ನನಗೆ ತೋರುತ್ತದೆ.

ಅಕ್ಟೋಬರ್ 7ರಂದು ದಸರೆಯ ಹಿನ್ನೆಲೆಯಲ್ಲಿ 144 ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ಸೇರಿದರು. ಬೆಂಗಳೂರು ಮೈಸೂರುಗಳ ನಡುವಿನ ರೈಲು ಹಾದಿ ಪೂರ್ಣವಾದುದು ಮರುವರ್ಷದಲ್ಲಿ. ಆದುದರಿಂದ ನಮ್ಮ ಪೇಟೆಯ ಸಾಹುಕಾರರು ದಾರಿಯ ಒಂದಷ್ಟು ಭಾಗವನ್ನಾದರೂ ಗಾಡಿಯಲ್ಲಿ ಕುಳಿತೇ ಸವೆಸಬೇಕಾಯಿತು. ಸಭೆಯಲ್ಲಿ ಅವರಿಗೆ ಮತಾಧಿಕಾರವಿರಲಿಲ್ಲ, ಕಾನೂನು ಮಾಡುವ ಶಕ್ತಿಯಿರಲಿಲ್ಲ. ಕಳೆದ ವರ್ಷದ ಆಡಳಿತದ ಫಲವನ್ನೂ ಬರುವ ವರ್ಷದ ಉದ್ದೇಶಗಳನ್ನೂ ಸರ್ಕಾರವು ಅವರ ಮುಂದೆ ಇಡುವುದು, ಅವರು ತಮ್ಮ ಕಷ್ಟನಿಷ್ಠುರಗಳನ್ನು ಬಿನ್ನವಿಸಿಕೊಳ್ಳುವುದು, ಇಷ್ಟೇ ಅಂದಿನ ಕಾರ್ಯಕ್ರಮ. ಆದರೂ ಇದು ಅಲ್ಪವೆಂದು ನಾನು ತಿಳಿಯೆನು. ಅಲ್ಲಿಯವರೆಗೆ ತೆರಿಗೆ ವಸೂಲಿಯ ವೇಳೆಯಲ್ಲಿ ಮಾತ್ರ ಸರ್ಕಾರಕ್ಕೆ ನೆನಪಾಗುತ್ತಿದ್ದ ಅಂಗಡಿಕಾರನು, ಸರ್ಕಾರದ ಲೆಕ್ಕವನ್ನು ತಾನು ಕೇಳುವ ಸ್ಥಾನಕ್ಕೆ ಬಂದುದು ಈ ನಾಡಿನಲ್ಲಿ ಅಂದು ಮೊದಲಾಯಿತು.

ಹತ್ತು ವರ್ಷಗಳ ಬಳಿಕ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ಆಯ್ಕೆಯ ಸ್ಥಾನದಲ್ಲಿ ಚುನಾವಣೆ ಬಂದಿತು. ಯಾರು ಮತದಾರರಾಗಬಹುದು ಎಂಬುದಕ್ಕೆ 1890ರ ನಿಯಮಗಳು ಅಳತೆಗೋಲನ್ನು ಗೊತ್ತುಮಾಡಿದವು: ತಾಲ್ಲೂಕಿಗೆ ಅನುಗುಣವಾಗಿ 100ರಿಂದ 300 ರೂಪಾಯಿಗಳವರೆಗೆ ಭೂಕಂದಾಯ ತೆರುವವರು, ಇಲ್ಲವೆ 13ರಿಂದ 17 ರೂಪಾಯಿಗಳವರೆಗೆ ಮೊಹತರ್ಫಾ ತೆರುವವರು. ಮೊಹತರ್ಫಾ ಎಂಬ ಪದ ಇಂದಿನ ತರುಣರಿಗೆ ಅಪರಿಚಿತವಾಗಿದ್ದರೆ ಆಶ್ಚರ್ಯವಿಲ್ಲ. ಅಂಗಡಿ, ಮಗ್ಗ, ಗಾಣ ಮೊದಲಾದವುಗಳ ಮೇಲೆ, ಅಂದರೆ ನೆಲವನ್ನು ಉಳದೆ ಕಸುಬಿನಿಂದ ಬದುಕುವವರ ಮೇಲೆ, ಬೀಳುತ್ತಿದ್ದ ತೆರಿಗೆಯದು. ತರಗುಪೇಟೆಯ ಧಾನ್ಯದ ಮಂಡಿಯವನೂ ಬಳೇಪೇಟೆಯ ಬಳೆ ವ್ಯಾಪಾರಿಯೂ ವರ್ಷವರ್ಷವೂ ಗೊಣಗುತ್ತ ಕಟ್ಟುತ್ತಿದ್ದ ಈ ಹಣವೇ ಅವರಿಗೆ ರಾಜಕೀಯದ ಬಾಗಿಲನ್ನು ತೆರೆಯಿತು. ಅವರ ಆಸನಕ್ಕೆ ಆಧಾರವಾದುದು ಕುಲವಲ್ಲ, ಆಸ್ಥಾನದ ಕೃಪೆಯಲ್ಲ, ತೆರಿಗೆಯ ರಶೀತಿ.

ಈ ವ್ಯವಸ್ಥೆಯನ್ನು ಹೊಗಳುವಾಗ ಅದರ ದೋಷವನ್ನು ಮರೆಮಾಚಲಾಗದು. ಅಷ್ಟು ತೆರಿಗೆ ಕಟ್ಟಲಾರದ ಕೂಲಿಗಾರನೂ, ಅದೇ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಯೂ ಆ ಬಾಗಿಲಿನ ಹೊರಗೇ ನಿಂತರು. ಹೆಂಗಸರಿಗೆ ಪ್ರಜಾಪ್ರತಿನಿಧಿ ಸಭೆಯ ಮತದಾನದ ತಡೆ ಸರಿದುದು 1923ರ ಸುಧಾರಣೆಗಳಲ್ಲಿ. ಹಣವಿದ್ದವನ ಮಾತೇ ಪ್ರಜೆಯ ಮಾತೆಂದು ಎಣಿಸಲ್ಪಟ್ಟ ಕಾಲವದು.

ನಡುವೆ 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಕಾನೂನುಗಳ ಕರಡನ್ನು ಚರ್ಚಿಸುವ ಆ ಸಭೆಗೆ ಇಬ್ಬರನ್ನು ಚುನಾಯಿಸಿ ಕಳುಹಿಸುವ ಹಕ್ಕು ಪ್ರಜಾಪ್ರತಿನಿಧಿ ಸಭೆಗೆ ದೊರೆಯಿತು. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನವು ಆರಂಭವಾಗಿ, ವ್ಯಾಪಾರವು ವೈಯಕ್ತಿಕ ಲಾಭದ ವಿಷಯ ಮಾತ್ರವಲ್ಲ, ನಾಡಿನ ಅಭ್ಯುದಯದ ವಿಷಯವೆಂಬ ಭಾವನೆಗೆ ಅಧಿಕೃತ ಮನ್ನಣೆ ಬಂದಿತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ದಿವಾನರಾದ ಮೇಲೆ, 1913ರಲ್ಲಿ ಮೈಸೂರು ಬ್ಯಾಂಕೂ 1916ರಲ್ಲಿ ಮೈಸೂರು ವಾಣಿಜ್ಯ ಮಂಡಲಿಯೂ ಸ್ಥಾಪಿತವಾದವು. ಆ ಮಂಡಲಿಯೇ ಇಂದು ಕೆಂಪೇಗೌಡ ರಸ್ತೆಯಲ್ಲಿರುವ ಮಹಾಸಂಸ್ಥೆಯ ಮೂಲ. 1923ರ ಸುಧಾರಣೆಗಳು ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರವನ್ನು ಕೊಟ್ಟು, ನ್ಯಾಯವಿಧಾಯಕ ಸಭೆಯನ್ನು 50 ಸದಸ್ಯರಿಗೆ ವಿಸ್ತರಿಸಿದವು. ವಿಶ್ವವಿದ್ಯಾನಿಲಯ, ತೋಟದ ಬೆಳೆಗಾರರು ಮುಂತಾದ ವಿಶೇಷ ಹಿತಗಳ ಸಾಲಿನಲ್ಲಿ ವಾಣಿಜ್ಯಕ್ಕೂ ಸ್ಥಾನ ಸಂದಿತು. ಹೀಗೆ ಸಭೆಯಲ್ಲಿ ವರ್ತಕನು ಎದ್ದು ನಿಂತಾಗ, ಇವನು ಯಾರ ಪರವಾಗಿ ಮಾತನಾಡುತ್ತಿದ್ದಾನೆಂದು ಯಾರೂ ಊಹಿಸಬೇಕಾದ ಅಗತ್ಯವಿರಲಿಲ್ಲ. ಅವನ ಹಿತವು ಅವನ ಆಸನದ ಮೇಲೆಯೇ ಬರೆದಿತ್ತು.

ಇಲ್ಲಿ ತುಸು ನಿಂತು, ನಾನು ಬಾಲ್ಯದಲ್ಲಿ ಮಾಮೂಲುಪೇಟೆಯ ಒಂದು ಕಿರಾಣಿ ಅಂಗಡಿಯಲ್ಲಿ ಕಂಡ ಪುಸ್ತಕವೊಂದನ್ನು ನೆನೆಯಲು ವಾಚಕರ ಅಪ್ಪಣೆ ಬೇಡುತ್ತೇನೆ. ಕೆಂಪು ಬಟ್ಟೆಯ ರಟ್ಟಿನ, ಉದ್ದುದ್ದನೆಯ ಹಾಳೆಗಳ ಕಿರ್ದಿ ಅದು; ಹಾಳೆಯಲ್ಲಿ ಗೆರೆಗಳಿರಲಿಲ್ಲ, ಮಡಿಕೆಗಳಿದ್ದವು, ಆ ಮಡಿಕೆಗಳೇ ಅಂಕಣಗಳು. ನೆತ್ತಿಯ ಮೇಲೆ ‘ಶ್ರೀ’, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಹಿತ್ತಾಳೆಯ ಡಬ್ಬಿ. ಮೂಟೆಗೆ ಇಷ್ಟೆಂದು ತೆಗೆದಿಡುವ ಧರ್ಮದ ಕಾಸು ಅದರೊಳಗೆ ಬೀಳುತ್ತಿತ್ತು, ಅದಕ್ಕೆ ಪುಸ್ತಕದಲ್ಲಿ ಪ್ರತ್ಯೇಕವಾದ ಖಾತೆಯಿತ್ತು. ಒಂದು ಸಂಜೆ ಗಿರಾಕಿಗೆ ಚಿಲ್ಲರೆ ಸಾಲದೆ ಬಂದಾಗ, ಅಂಗಡಿಯ ಹುಡುಗನು ಆ ಡಬ್ಬಿಯಿಂದ ನಾಲ್ಕಾಣೆ ತೆಗೆದುಕೊಟ್ಟನು. ಯಜಮಾನರು ಅವನನ್ನು ಗದರಲಿಲ್ಲ. ‘ತಗೊಂಡ್ಯೇನಪ್ಪಾ? ಹಾಗಾದ್ರೆ ಬರ್ಕೊ’ ಎಂದರು; ಬಳಿಕ ತಾವೇ ಲೇಖನಿ ಹಿಡಿದು, ಧರ್ಮದ ಖಾತೆಯಿಂದ ಅಂಗಡಿಗೆ ಸಾಲ ನಾಲ್ಕಾಣೆ ಎಂದು ಬರೆದರು. ಮರುದಿನ ಬಾಗಿಲು ತೆರೆದ ಕೂಡಲೆ, ಬೋಣಿಗೆಯ ಹಣದಲ್ಲಿ ಮೊದಲು ತೀರಿದುದು ಆ ಸಾಲ. ಎರಡು ಹಣವೂ ಒಂದೇ ಮನುಷ್ಯನ ಕೈಯಲ್ಲಿತ್ತು, ಒಂದೇ ಮಣೆಯ ಮೇಲಿತ್ತು. ಆದರೂ ಅವು ಬೆರೆಯಲಿಲ್ಲ.

ಈ ಶೀಲವೇ ಹಿರಿದಾಗಿ ಬೆಳೆದಾಗ ಧರ್ಮಛತ್ರವಾಗುತ್ತದೆ. 1838ರಲ್ಲಿ ಗುಬ್ಬಿಯಲ್ಲಿ ಜನಿಸಿ, ಎಳೆಯ ವಯಸ್ಸಿನಲ್ಲಿಯೇ ಬೆಂಗಳೂರಿಗೆ ಬಂದು, ಮಾಮೂಲುಪೇಟೆಯ ವ್ಯಾಪಾರದಲ್ಲಿ ಸಂಪತ್ತನ್ನು ಗಳಿಸಿದ ತೋಟದಪ್ಪನವರು, ರೈಲಿನಿಂದಿಳಿದ ಪರಸ್ಥಳದವರಿಗೆ ತಂಗಲು ನೆಲೆಯಿಲ್ಲದುದನ್ನು ಕಂಡು 1903ರಲ್ಲಿ ಛತ್ರವನ್ನು ನಾಡಿಗೆ ಸಮರ್ಪಿಸಿದರು. ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನು ಕಲ್ಪಿಸಿದರು. ಇವೆಲ್ಲವನ್ನೂ ತಮ್ಮ ಮನೆಯ ಸ್ವತ್ತಾಗಿ ಉಳಿಸಿಕೊಳ್ಳದೆ ಧರ್ಮಸಂಸ್ಥೆಯೊಂದಕ್ಕೆ ವಹಿಸಿದುದು ಅವರ ದೊಡ್ಡತನ. ಅವರು ಪಡೆದ ‘ಧರ್ಮಪ್ರವರ್ತ’ ಎಂಬ ಬಿರುದು ಮಹಾರಾಜರು ಕೊಟ್ಟುದು. ಆದರೆ ಅದಕ್ಕೆ ಬೇಕಾದ ಶಿಕ್ಷಣವನ್ನು ಕೊಟ್ಟುದು ಪೇಟೆಯ ಕಿರ್ದಿ ಪುಸ್ತಕವೆಂದೇ ನನ್ನ ನಂಬಿಕೆ. ಶಾಸನಸಭೆಗೆ ಹೋಗುವ ಪ್ರತಿಯೊಬ್ಬ ವರ್ತಕನನ್ನೂ ಅಳೆಯಲು ಈ ಛತ್ರಕ್ಕಿಂತ ಮೇಲಾದ ಅಳತೆ ಮೆಜೆಸ್ಟಿಕ್ಕಿನ ಆಸುಪಾಸಿನಲ್ಲಿ ನನಗೆ ತೋರದು.

ಸ್ವಾತಂತ್ರ್ಯ ಬಂದಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ತೆರಿಗೆಯ ರಶೀತಿಯನ್ನು ಕೇಳದೆ ಪ್ರತಿಯೊಬ್ಬ ವಯಸ್ಕನಿಗೂ ಮತವನ್ನು ಕೊಟ್ಟಿತು. ಮಂಡಿಯ ಸಾಹುಕಾರನ ಮತವೂ ಮೂಟೆ ಹೊರುವವನ ಮತವೂ ಒಂದೇ ತೂಕಕ್ಕೆ ಬಂದವು. ಇದು ನ್ಯಾಯ, ಇದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಘಳಿಗೆಯಲ್ಲಿ ವರ್ತಕನ ಹೆಸರು ಬರೆದ ಆಸನವೂ ಅಳಿಸಿಹೋಯಿತು. ವಿಧಾನ ಪರಿಷತ್ತಿನ ರಚನೆಯನ್ನು ಹೇಳುವ 171ನೆಯ ವಿಧಿಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಸ್ಥಾನವಿದೆ, ಪದವೀಧರರಿಗೆ ಇದೆ, ಉಪಾಧ್ಯಾಯರಿಗೆ ಇದೆ; ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಗಳಿಂದ ನಾಮಕರಣಗೊಳ್ಳುವವರಿಗೆ ಇದೆ. ವಾಣಿಜ್ಯಕ್ಕೆ ಇಲ್ಲ.

ಇದರ ಅರ್ಥ ವರ್ತಕನು ಸಭೆಯಿಂದ ಹೊರಟುಹೋದನೆಂದಲ್ಲ. ಅವನು ಬೇರೆ ಬಾಗಿಲಿನಿಂದ ಒಳಗೆ ಬಂದನು. ಹಳೆಯ ಬೆಂಗಳೂರಿನಲ್ಲಿಯೇ ಇದನ್ನು ಕಾಣಬಹುದು. ಮೆಜೆಸ್ಟಿಕ್ ಸೇರಿರುವ ಗಾಂಧಿನಗರ ಕ್ಷೇತ್ರವನ್ನು 1999ರಿಂದ ಪ್ರತಿನಿಧಿಸುತ್ತಿರುವ ದಿನೇಶ್ ಗುಂಡೂರಾವ್ ಅವರು ಮುಖ್ಯಮಂತ್ರಿಯಾಗಿದ್ದ ಆರ್. ಗುಂಡೂರಾಯರ ಮಗ, ರಾಜಕಾರಣದ ಮನೆಯಿಂದ ಬಂದವರು. ಆದರೆ ಚಾಮರಾಜಪೇಟೆಯಿಂದ 2005ರ ಉಪಚುನಾವಣೆಯಲ್ಲಿ ಮೊದಲು ಗೆದ್ದ ಜಮೀರ್ ಅಹ್ಮದ್ ಖಾನ್ ಅವರು, ನ್ಯಾಷನಲ್ ಟ್ರಾವೆಲ್ಸ್ ಎಂಬ ಹೆಸರಿನಲ್ಲಿ ಬಸ್ಸುಗಳನ್ನು ನಡೆಸಿದ ಮನೆತನದವರು. ಚಿಕ್ಕಪೇಟೆಯಿಂದ 2018ರಲ್ಲಿಯೂ 2023ರಲ್ಲಿಯೂ ಆಯ್ಕೆಯಾದ ಉದಯ್ ಗರುಡಾಚಾರ್ ಅವರು ಗರುಡಾ ಮಾಲ್ ಕಟ್ಟಿದ ಉದ್ಯಮಿ. ಒಬ್ಬರದು ಒಂದು ಪಕ್ಷ, ಇನ್ನೊಬ್ಬರದು ಮತ್ತೊಂದು. ಆದರೆ ಅವರಿಬ್ಬರೂ ವ್ಯಾಪಾರದ ಪ್ರತಿನಿಧಿಗಳೆಂದು ಆಯ್ಕೆಯಾದವರಲ್ಲ. ಬೀದಿಯ ದೀಪ, ಕೊಳಾಯಿಯ ನೀರು, ಪಡಿತರದ ಅಕ್ಕಿ ಇವುಗಳ ಮಾತನಾಡಿ ಮತ ಪಡೆದವರು. ಹಿಂದಣ ವರ್ತಕ ಪ್ರತಿನಿಧಿ ತನ್ನ ಕಸುಬಿನ ಪರವಾಗಿ ಸಭೆಗೆ ಹೋದನು, ಇಂದಿನವನು ಎಲ್ಲರ ಪರವಾಗಿ ಹೋಗುತ್ತಾನೆ. ಅವನ ಹೊಣೆ ಹಿರಿದಾಯಿತು. ಅವನ ಸ್ವಂತ ಹಿತ ಮಾತ್ರ ಆಸನದ ಮೇಲಿಂದ ಮರೆಯಾಯಿತು.

ಮರೆಯಾದುದನ್ನು ಮತ್ತೆ ಕಣ್ಣೆದುರಿಗೆ ತರಲು ಕಾನೂನು ಮೆಲ್ಲಮೆಲ್ಲನೆ ಯತ್ನಿಸಿದೆ. ಸರ್ಕಾರಕ್ಕೆ ಸಾಮಗ್ರಿ ಒದಗಿಸುವ ಅಥವಾ ಸರ್ಕಾರದ ಕಾಮಗಾರಿಯನ್ನು ನಡೆಸುವ ಕರಾರು ಚಾಲ್ತಿಯಲ್ಲಿರುವವನು ಶಾಸಕನಾಗಲು ಅನರ್ಹನೆಂದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 9ಎ ಪ್ರಕರಣ ಹೇಳುತ್ತದೆ. ಅಭ್ಯರ್ಥಿಯು ತನ್ನ ಆಸ್ತಿಯನ್ನೂ ಸಾಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂಬುದು ಸರ್ವೋಚ್ಚ ನ್ಯಾಯಾಲಯದ 2002 ಮತ್ತು 2003ರ ತೀರ್ಪುಗಳಿಂದ ಸ್ಥಿರವಾಯಿತು. ಗೆದ್ದ ಮೇಲೆ ಪ್ರತಿ ವರ್ಷವೂ ಆಸ್ತಿ ಹೊಣೆಗಾರಿಕೆಗಳ ವಿವರವನ್ನು ಲೋಕಾಯುಕ್ತಕ್ಕೆ ಒಪ್ಪಿಸುವ ಕರ್ತವ್ಯವನ್ನು 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆ ವಿಧಿಸಿದೆ. ಅಂದು ವರ್ತಕನು ಮತದಾರನಾಗಲು ರಶೀತಿ ತೋರಿಸಿದನು. ಇಂದು ಅವನು ಅಭ್ಯರ್ಥಿಯಾಗಲು ಖಾತೆಯನ್ನೇ ತೆರೆದು ತೋರಿಸಬೇಕಾಗಿದೆ. ಅಂದು ಓದುತ್ತಿದ್ದವನು ಅಮಲ್ದಾರ, ಇಂದು ಓದಬೇಕಾದವನು ಪ್ರಜೆ.

ಆದರೆ ನಾವು ಓದುತ್ತೇವೆಯೆ? ಪ್ರಮಾಣಪತ್ರದ ಮೊತ್ತವನ್ನು ಮಾತ್ರ ನೋಡಿ, ಇಷ್ಟು ಕೋಟಿಯ ಒಡೆಯನೆಂದು ಬೆರಗಾಗಿ ಅಥವಾ ಹೀಯಾಳಿಸಿ ಮುಂದೆ ಸಾಗುವುದು ನಮ್ಮ ರೂಢಿಯಾಗಿದೆ. ಸಂಪತ್ತು ಅಪರಾಧವೂ ಅಲ್ಲ, ಅರ್ಹತೆಯೂ ಅಲ್ಲ. ನೂರು ಮಂದಿಗೆ ಸಂಬಳ ಕೊಟ್ಟು, ನಷ್ಟದ ವರ್ಷವನ್ನು ಸಹಿಸಿ, ಮಾತಿಗೆ ಬೆಲೆ ಉಳಿಸಿಕೊಂಡು ವ್ಯಾಪಾರ ನಡೆಸಿದವನು ಆಯವ್ಯಯದ ಪತ್ರವನ್ನು ಓದುವಾಗ, ಉಳಿದವರಿಗೆ ಕಾಣದ ಸೋರಿಕೆ ಅವನಿಗೆ ಕಾಣಬಲ್ಲದು. ಆ ಕಣ್ಣು ಸಭೆಗೆ ಅಗತ್ಯ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಅವನ ಉದ್ಯಮಕ್ಕೆ ತಗಲುವ ಕಾನೂನು ಚರ್ಚೆಗೆ ಬಂದಾಗ ಅವನು ತನ್ನ ಸಂಬಂಧವನ್ನು ಎದ್ದುನಿಂತು ಹೇಳಿದನೆ? ಅವನ ನೆಲದ ಪಕ್ಕದಲ್ಲಿ ರಸ್ತೆ ಅಗಲವಾದಾಗ ಅದರ ತೀರ್ಮಾನದಿಂದ ದೂರ ನಿಂತನೆ? ಇವು ಯಾವ ಪ್ರಮಾಣಪತ್ರದಲ್ಲಿಯೂ ಬರುವ ಸಂಗತಿಗಳಲ್ಲ. ಕ್ಷೇತ್ರದ ಜನರು ಐದು ವರ್ಷಗಳ ಉದ್ದಕ್ಕೂ ಗಮನಿಸಿ ಬರೆದಿಡಬೇಕಾದ ಕಿರ್ದಿ.

ಮೊನ್ನೆ ಸಂಜೆ ಛತ್ರದ ಎದುರಿಗೆ ಹಾಯ್ದುಹೋಗುವಾಗ, ಒಂದು ಸಂಸಾರ, ಮುದುಕಿಯೊಬ್ಬಳನ್ನು ಮುಂದಿಟ್ಟುಕೊಂಡು, ಟ್ರಂಕು ಚೀಲಗಳೊಡನೆ ಒಳಗೆ ಹೋಗುತ್ತಿತ್ತು. ನೂರು ವರ್ಷಕ್ಕೂ ಹಿಂದೆ ಅಂಗಡಿಯ ಹಣವನ್ನು ಧರ್ಮದ ಖಾತೆಗೆ ವರ್ಗಾಯಿಸಿದ ಒಬ್ಬ ಮನುಷ್ಯನ ಲೆಕ್ಕ ಆ ಬಾಗಿಲಲ್ಲಿ ಇನ್ನೂ ನಡೆಯುತ್ತಲೇ ಇತ್ತು. ಮಾಮೂಲುಪೇಟೆಯ ಆ ಯಜಮಾನರು ಯಾವ ಸಭೆಗೂ ಹೋದವರಲ್ಲ. ಆದರೆ ವ್ಯಾಪಾರದಿಂದ ವಿಧಾನಸೌಧದ ಮೆಟ್ಟಿಲೇರುವ ಪ್ರತಿಯೊಬ್ಬರೂ ಅವರ ಪುಸ್ತಕದ ಆ ಒಂದು ಸಾಲನ್ನು, ನಾಲ್ಕಾಣೆಯ ಆ ಸಾಲವನ್ನು, ಮನಸ್ಸಿನಲ್ಲಿಟ್ಟುಕೊಂಡು ಏರಲಿ ಎಂದು ನಾನು ಹಾರೈಸುತ್ತೇನೆ.