ತೂಕ ಇಳಿಸಲು ರೊಟ್ಟಿ ಬಿಡಬೇಕಿಲ್ಲ!

"ವೈನಿ, ನಾಳಿಂದ ನಾ ರಾತ್ರಿ ಊಟಾನ ಬಿಟ್ಟೆ ನೋಡ್ರಿ!" ಮದುವೆ ಸೀಸನ್ ಹತ್ತಿರ ಬಂದು ಬ್ಲೌಸ್ ಬಿಗಿಯಾದಾಗ ವಿಜಯಪುರದ ಇಬ್ರಾಹಿಂಪುರದಂಥ ಬಡಾವಣೆಗಳ ಮನೆಮನೆಯಲ್ಲೂ ಕೇಳುವ ಮಾತಿದು. ನಾಲ್ಕು ದಿನ ಬರೀ ಸೌತೆಕಾಯಿ, ಲಿಂಬು ನೀರು. ಐದನೇ ದಿನ ತಲೆಸುತ್ತು, ಸಿಡಿಮಿಡಿ. ಆರನೇ ದಿನ ಶೇಂಗಾ ಹೋಳಿಗೆ ಎದುರು ಬಂತೆಂದರೆ ಡಯಟ್ ಮುಗಿದ ಹಾಗೆ!

ಉಪವಾಸದಿಂದ ಏಕಾಏಕಿ ತೂಕ ಇಳಿಸಿದಾಗ ಕೊಬ್ಬಿನ ಜತೆ ಸ್ನಾಯುಗಳೂ ಕರಗುತ್ತವೆ. ಆಗ ದೇಹಕ್ಕೆ ಬೇಕಾದ ಕ್ಯಾಲೊರಿ ಕಡಿಮೆಯಾಗುತ್ತದೆ. ಮತ್ತೆ ಮೊದಲಿನಂತೆ ಉಣ್ಣಲು ಶುರು ಮಾಡಿದರೆ ಇಳಿದ ತೂಕ ವಾಪಸ್.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ನಗರವಾಸಿ ಮಹಿಳೆಯರಲ್ಲಿ ಮೂವರಲ್ಲೊಬ್ಬರಿಗೆ ತೂಕ ಹೆಚ್ಚು. ಕಾರಣ ಸರಳ. ತಿಕೋಟಾ, ಬಬಲೇಶ್ವರದ ಹೊಲಗಳಲ್ಲಿ ದುಡಿದ ಅಜ್ಜಿಯ ಊಟ ನಮಗೆ ಬಂತು, ಆಕೆಯ ದುಡಿಮೆ ಬರಲಿಲ್ಲ. ಹಿಟ್ಟು ಗಿರಣಿಯಿಂದ, ರೊಟ್ಟಿ ಅಂಗಡಿಯಿಂದ, ಬಟ್ಟೆ ಮಷೀನಿನಿಂದ. ಉಳಿದದ್ದು ಟಿ.ವಿ. ಮುಂದಿನ ಚಹಾ, ಚೂಡಾ!

ಹಾಗಂತ ರೊಟ್ಟಿಯನ್ನು ದೂರಬೇಡಿ. ಜೋಳದ ರೊಟ್ಟಿಗೆ ಎಣ್ಣೆ ಬೇಕಿಲ್ಲ, ನಾರಿನಂಶವೂ ಇದೆ. ಬದಲಿಸಬೇಕಾದದ್ದು ಅದರ ಸುತ್ತಲಿನ ಸಣ್ಣಪುಟ್ಟ ರೂಢಿಗಳನ್ನು.

* ಚಹಾದ ಸಕ್ಕರೆ: ದಿನಕ್ಕೆ ನಾಲ್ಕು ಕಪ್, ಕಪ್ಪಿಗೆ ಎರಡು ಚಮಚ ಎಂದರೆ ಸುಮಾರು 40 ಗ್ರಾಂ ಸಕ್ಕರೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೇಳಿದ ಮಿತಿ ದಿನಕ್ಕೆ 20-25 ಗ್ರಾಂ. ವಾರಕ್ಕೆ ಕಾಲು ಚಮಚದಂತೆ ಇಳಿಸುತ್ತ ಬನ್ನಿ. ತಿಂಗಳಲ್ಲಿ ಒಂದೇ ಚಮಚ ಸಾಕೆನಿಸುತ್ತದೆ. ದಿನಕ್ಕೆ 80 ಕ್ಯಾಲೊರಿ ಉಳಿತಾಯ.

* ಎಣ್ಣೆಯ ಲೆಕ್ಕ: ನಾಲ್ಕು ಜನರ ಮನೆಗೆ ತಿಂಗಳಿಗೆ 4 ಲೀಟರ್ ಎಣ್ಣೆ ಖರ್ಚಾಗುತ್ತಿದ್ದರೆ 3 ಲೀಟರಿಗೆ ತನ್ನಿ. ತಲೆಗೆ ದಿನಕ್ಕೆ ಸುಮಾರು 70 ಕ್ಯಾಲೊರಿ ಕಡಿಮೆ. ಕ್ಯಾನಿನಿಂದ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕಿ. ಎಣಗಾಯಿ ರುಚಿ ಕೆಡುವುದಿಲ್ಲ, ಮೇಲೆ ತೇಲುವ ಎಣ್ಣೆ ಮಾತ್ರ ಹೋಗುತ್ತದೆ.

* ಅರ್ಧ ತಟ್ಟೆ ತರಕಾರಿ: ಮೂಲಂಗಿ, ಸೌತೆಕಾಯಿ, ಗಜ್ಜರಿ, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು ರೊಟ್ಟಿ ಜತೆ ನಮಗೆ ಹೊಸದೇನಲ್ಲ. ಮೊದಲು ಪಚಡಿ, ಪಲ್ಯ, ಕಾಳು ಬಡಿಸಿಕೊಳ್ಳಿ, ಆಮೇಲೆ ರೊಟ್ಟಿ. ಕೊನೆಯ ಅನ್ನ ತಾನೇ ಅರ್ಧಕ್ಕಿಳಿಯುತ್ತದೆ.

* ಶೇಂಗಾ ಚಟ್ನಿ: ಪೌಷ್ಟಿಕವೇನೋ ಹೌದು, ಆದರೆ ಒಂದು ಹಿಡಿ ಶೇಂಗಾದಲ್ಲೇ ಸುಮಾರು 170 ಕ್ಯಾಲೊರಿ. ಊಟಕ್ಕೊಂದು ಚಮಚ ಸಾಕು. ಉಪವಾಸದ ದಿನ ಸಾಬೂದಾನಿ ಖಿಚಡಿ ತಟ್ಟೆ ತುಂಬ ತಿಂದರೆ ಅದು ಉಪವಾಸವೇ ಅಲ್ಲ!

* ಸಂಜೆ ಐದರ ಹಸಿವು: ಮಿರ್ಚಿ ಭಜಿ, ಬಿಸ್ಕಿಟ್ ಬದಲು ಪುಟಾಣಿ, ಮೊಳಕೆ ಕಾಳಿನ ಉಸುಳಿ, ಪೇರಲ ಹಣ್ಣು, ಮಜ್ಜಿಗೆ ಇರಲಿ. ಭಜಿ ವಾರಕ್ಕೊಮ್ಮೆ ಎಲ್ಲರ ಜತೆ ಕೂತು ತಿನ್ನಿ.

* ಮಕ್ಕಳ ತಟ್ಟೆ: 'ದಂಡ ಆಗಬಾರದು' ಅಂತ ಮಕ್ಕಳು ಬಿಟ್ಟದ್ದನ್ನೆಲ್ಲ ನಾವೇ ತಿನ್ನೋದು ಬೇಡ. ಅವರಿಗೆ ಮೊದಲೇ ಕಡಿಮೆ ಬಡಿಸಿ. ಎಲ್ಲರದೂ ಮುಗಿದ ಮೇಲೆ ರಾತ್ರಿ ಹತ್ತಕ್ಕೆ ಒಬ್ಬರೇ ಹಸಿದು ಉಣ್ಣುವ ರೂಢಿಯನ್ನೂ ಬಿಡಿ. ಮನೆಯವರ ಜತೆಗೇ ಕೂತುಬಿಡಿ.

ಎಲ್ಲವನ್ನೂ ಒಂದೇ ದಿನ ಶುರು ಮಾಡಬೇಡಿ. ಎರಡು ವಾರಕ್ಕೊಂದು ರೂಢಿ ಸಾಕು. ಸಕ್ಕರೆ, ಎಣ್ಣೆ ಎರಡರಿಂದಲೇ ತಿಂಗಳಿಗೆ ಅರ್ಧ ಕಿಲೋದಷ್ಟು ಇಳಿಯಬಹುದು. ಜತೆಗೆ ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ ಇರಲಿ. ತಕ್ಕಡಿಯನ್ನು ದಿನಾ ಏರದೆ ವಾರಕ್ಕೊಮ್ಮೆ ನೋಡಿ. ಸೊಂಟವನ್ನೂ ಟೇಪಿನಲ್ಲಿ ಅಳೆಯಿರಿ. ಮಹಿಳೆಯರಿಗೆ 80 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆ, ಹೃದ್ರೋಗದ ಅಪಾಯ ಹೆಚ್ಚು.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಪ್ಪಿಸಲೇಬಾರದು. ಗರ್ಭಿಣಿ, ಬಾಣಂತಿಯರು ತೂಕ ಇಳಿಸುವ ಯೋಚನೆಯನ್ನು ಮುಂದೂಡಬೇಕು. ಕಾರಣವಿಲ್ಲದೆ ತೂಕ ಏರುತ್ತಿದ್ದರೆ ವೈದ್ಯರ ಸಲಹೆ ಪಡೆದು ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂದಾಗ ಒಂದು ಹೋಳಿಗೆ ತಿಂದರೆ ಏನೂ ಕೆಡುವುದಿಲ್ಲ. ಹಬ್ಬದ ಒಂದು ದಿನದಿಂದ ತೂಕ ಏರುವುದಿಲ್ಲ, ಉಳಿದ ದಿನಗಳ ರೂಢಿಯಿಂದ ಏರುತ್ತದೆ. ಹಾಗಾದರೆ ನಾಳೆ ಬೆಳಗಿನ ಚಹಾದಿಂದಲೇ ಶುರು ಮಾಡ್ತೀರಲ್ಲ?