ಮೋಟಾರು ಮನೆಯ ಬೆನ್ನಿಗೊಂದು ಕಾರು

ಅಮೆರಿಕದಲ್ಲಿ ಓದುತ್ತಿರುವ ಮಗನನ್ನೋ ನೌಕರಿಯಲ್ಲಿರುವ ಮಗಳನ್ನೋ ನೋಡಲು ಹೋದ ಅಪ್ಪ ಅಮ್ಮಂದಿರು ಅಲ್ಲಿನ ಹೆದ್ದಾರಿಗಳಲ್ಲಿ ಒಂದು ದೃಶ್ಯ ಕಂಡು ಬೆರಗಾಗುವುದುಂಟು. ನಮ್ಮ ಬಸ್ಸಿನಷ್ಟೇ ಉದ್ದದ ವಾಹನವೊಂದು ಹೋಗುತ್ತಿರುತ್ತದೆ. ಅದರ ಬೆನ್ನಿಗೆ, ಕೆಲವೇ ಅಡಿಗಳ ಅಂತರದಲ್ಲಿ, ಕಾರೊಂದು ಅಷ್ಟೇ ವೇಗದಲ್ಲಿ ಹಿಂಬಾಲಿಸುತ್ತಿರುತ್ತದೆ. ಇಣುಕಿ ನೋಡಿದರೆ ಕಾರಿನಲ್ಲಿ ಚಾಲಕನೇ ಇಲ್ಲ! ಕೆಟ್ಟು ನಿಂತ ಕಾರನ್ನು ಎಳೆದೊಯ್ಯುತ್ತಿದ್ದಾರೆ ಎಂದುಕೊಂಡರೆ ಅದೂ ತಪ್ಪು. ಅದು ಚೆನ್ನಾಗಿ ಓಡುವ ಕಾರೇ.

ಮುಂದಿರುವ ದೊಡ್ಡ ವಾಹನವೇ ಮೋಟಾರ್‌ಹೋಮ್. ಅಡುಗೆಮನೆ, ಹಾಸಿಗೆ, ಸ್ನಾನದ ಕೋಣೆ ಎಲ್ಲ ಒಳಗೇ ಇರುವ ಚಲಿಸುವ ಮನೆ. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯ ವಿನ್ನೆಬಾಗೊ ಕಂಪನಿ 1966ರಲ್ಲಿ ಇವುಗಳನ್ನು ತಯಾರಿಸತೊಡಗಿದ ಮೇಲೆ ಮಧ್ಯಮ ವರ್ಗದವರಿಗೂ ಇದು ಎಟುಕಿತು. ಶಾಲೆಗಳಿಗೆ ಬೇಸಿಗೆ ರಜೆ ಬಂದರೆ ಮಕ್ಕಳನ್ನು ಕಟ್ಟಿಕೊಂಡು ಹೊರಡುವವರು, ನಿವೃತ್ತಿಯ ನಂತರ ತಿಂಗಳುಗಟ್ಟಲೆ ಊರೂರು ಸುತ್ತುವವರು ಲಕ್ಷಾಂತರ ಮಂದಿ.

ಆದರೆ ಮನೆ ಜೊತೆಗಿದ್ದರೆ ಅದರ ತೊಂದರೆಯೂ ಜೊತೆಗೇ ಇರುತ್ತದೆ. ಹಾಲು ತರಲು ಮೂವತ್ತೈದು ಅಡಿಯ ಮನೆಯನ್ನೇ ಅಂಗಡಿಗೆ ಒಯ್ಯಬೇಕು. ಎಲ್ಲ ರಸ್ತೆಗಳೂ ಅದನ್ನು ಒಳಗೆ ಬಿಡುವುದಿಲ್ಲ. ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ 'ಗೋಯಿಂಗ್ ಟು ದ ಸನ್' ಎಂಬ ಸುಮಾರು 50 ಮೈಲಿಯ ರಮ್ಯ ರಸ್ತೆಯಿದೆ. ಅದರ ನಡುವಿನ ಘಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ ಅಥವಾ 8 ಅಡಿಗಿಂತ ಅಗಲದ ವಾಹನಗಳಿಗೆ ಪ್ರವೇಶವಿಲ್ಲ. ಹೀಗಾಗಿ ಮನೆಯನ್ನು ತಂಗುದಾಣದಲ್ಲಿ ಬಿಟ್ಟು ಕಾರಿನಲ್ಲಿ ಸುತ್ತುವುದು ರೂಢಿ. ಹಡಗಿನ ಹಿಂದೆ ಕಟ್ಟಿದ ಪುಟ್ಟ ದೋಣಿಯಂತೆ ಬರುವ ಈ ಕಾರಿಗೆ 'ಡಿಂಗಿ' ಎಂದು ಹೆಸರು. 'ಟೋಡ್' ಎಂದೂ ತಮಾಷೆಗೆ ಕರೆಯುತ್ತಾರೆ. ಇಂಗ್ಲಿಷಿನಲ್ಲಿ 'ಎಳೆಯಲ್ಪಟ್ಟ' ಎನ್ನುವುದಕ್ಕೂ 'ನೆಲಗಪ್ಪೆ' ಎನ್ನುವುದಕ್ಕೂ ಉಚ್ಚಾರಣೆ ಒಂದೇ.

ಹಿಂದಿನ ಕಾರಿನ ಚಾಲಕ ಎಲ್ಲಿ?

ನಮ್ಮೂರಿನಲ್ಲಿ ಕೆಟ್ಟ ಕಾರನ್ನು ಹಗ್ಗ ಕಟ್ಟಿ ಎಳೆಯುವುದನ್ನು ನೀವು ನೋಡಿರಬಹುದು. ಆಗ ಹಿಂದಿನ ಕಾರಿನಲ್ಲಿ ಒಬ್ಬರು ಕುಳಿತಿರಲೇಬೇಕು. ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸುವುದು ಅವರು. ಮುಂದಿನ ವಾಹನ ನಿಧಾನವಾದರೆ ಬ್ರೇಕ್ ಒತ್ತುವುದು ಅವರು. ಹಗ್ಗ ಹರಿದರೆ ಕಾರನ್ನು ಬದಿಗೆ ನಿಲ್ಲಿಸುವುದೂ ಅವರೇ. ಮೋಟಾರ್‌ಹೋಮಿನ ಹಿಂದಿನ ಕಾರಿನಲ್ಲಿ ಆ ವ್ಯಕ್ತಿ ಇಲ್ಲ. ಅವರ ಒಂದೊಂದು ಕೆಲಸವನ್ನೂ ಒಂದೊಂದು ಸಲಕರಣೆ ಮಾಡಬೇಕು. ಯಾವ ಸಲಕರಣೆ ಕೊಳ್ಳಬೇಕು ಎಂಬ ಪ್ರಶ್ನೆಯನ್ನು ಹೀಗೆ ನೋಡಿದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಕಾರು ಒಯ್ಯಲು ಮೂರು ವಿಧಾನಗಳಿವೆ. ನಾಲ್ಕು ಚಕ್ರಗಳೂ ನೆಲದ ಮೇಲೆ ಉರುಳುವಂತೆ ಕಬ್ಬಿಣದ ಸರಳಿನಿಂದ ಜೋಡಿಸುವುದು ಮೊದಲನೆಯದು. ಮುಂದಿನ ಎರಡು ಚಕ್ರಗಳನ್ನು 'ಡಾಲಿ' ಎಂಬ ಎರಡು ಗಾಲಿಯ ಚಿಕ್ಕ ಗಾಡಿಯ ಮೇಲೆ ಏರಿಸಿ ಪಟ್ಟಿಗಳಿಂದ ಬಿಗಿಯುವುದು ಎರಡನೆಯದು. ಇಡೀ ಕಾರನ್ನು ಟ್ರೈಲರ್ ಮೇಲೆ ಹೇರುವುದು ಮೂರನೆಯದು. ಟ್ರೈಲರ್ ಮೇಲೆ ಯಾವ ಕಾರನ್ನಾದರೂ ಒಯ್ಯಬಹುದು. ಆದರೆ ಅದರ ತೂಕವೂ ಸೇರುತ್ತದೆ, ತಂಗುದಾಣದಲ್ಲಿ ಅದನ್ನು ನಿಲ್ಲಿಸಲು ಜಾಗವೂ ಬೇಕು. ಡಾಲಿಗೂ ಜಾಗದ ಸಮಸ್ಯೆ ಇದ್ದದ್ದೇ. ಆದ್ದರಿಂದ ಹೆಚ್ಚಿನವರ ಒಲವು ಮೊದಲನೆಯ ವಿಧಾನದ ಕಡೆಗೆ. ಕೆಲವು ನಿಮಿಷಗಳಲ್ಲಿ ಜೋಡಿಸಿ ಬಿಚ್ಚಬಹುದು.

ಕಾರಿನ ಒಪ್ಪಿಗೆ ಮೊದಲು

ಆದರೆ ಎಲ್ಲ ಕಾರುಗಳೂ ಇದಕ್ಕೆ ಒಪ್ಪುವುದಿಲ್ಲ. ಕಾರಣವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಆಟೊಮ್ಯಾಟಿಕ್ ಗೇರಿನ ಕಾರುಗಳಲ್ಲಿ ಗೇರ್‌ಬಾಕ್ಸಿಗೆ ಎಣ್ಣೆ ಹಾಯಿಸುವ ಪಂಪು ಸಾಮಾನ್ಯವಾಗಿ ಇಂಜಿನ್ನಿನಿಂದ ತಿರುಗುತ್ತದೆ. ಎಳೆಯುವಾಗ ಇಂಜಿನ್ ನಿಂತಿರುತ್ತದೆ, ಚಕ್ರಗಳು ಮಾತ್ರ ಉರುಳುತ್ತಿರುತ್ತವೆ. ಚಕ್ರಗಳ ಜೊತೆ ಒಳಗಿನ ಭಾಗಗಳೂ ಎಣ್ಣೆಯಿಲ್ಲದೆ ತಿರುಗಿ, ಕಾದು, ಹಾಳಾಗುತ್ತವೆ. ಮ್ಯಾನ್ಯುಯಲ್ ಗೇರಿನ ಹಲವು ಕಾರುಗಳಿಗೆ ಈ ತೊಂದರೆ ಇಲ್ಲ, ಆದರೆ ಎಲ್ಲಕ್ಕೂ ಅಲ್ಲ. ಜೀಪ್ ರ್‍ಯಾಂಗ್ಲರ್ ಈ ಕೆಲಸಕ್ಕೆ ಹೆಸರುವಾಸಿ. ಅದರ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ಹಾಕಿದರೆ ಚಕ್ರಗಳಿಗೂ ಗೇರ್‌ಬಾಕ್ಸಿಗೂ ಸಂಬಂಧವೇ ಕಡಿದುಹೋಗುತ್ತದೆ. ಹೋಂಡಾ ಸಿಆರ್-ವಿಯ ಕತೆ ಇನ್ನೊಂದು ಬಗೆ. 2014ರ ಮಾದರಿಯವರೆಗೆ ಅಮೆರಿಕದಲ್ಲಿ ಅದನ್ನು ನಾಲ್ಕು ಚಕ್ರಗಳ ಮೇಲೆ ಎಳೆಯಲು ಕಂಪನಿಯ ಅನುಮತಿಯಿತ್ತು. 2015ರ ಮಾದರಿಗೆ ಬೇರೆ ಬಗೆಯ ಗೇರ್‌ಬಾಕ್ಸ್ ಬಂದಿತು, ಅನುಮತಿ ಹೋಯಿತು. ಟೆಸ್ಲಾದಂತಹ ವಿದ್ಯುತ್ ಕಾರುಗಳಲ್ಲಿ ಚಕ್ರ ತಿರುಗಿದರೆ ಮೋಟಾರೇ ಜನರೇಟರ್ ಆಗಿಬಿಡುತ್ತದೆ. ನಾಲ್ಕೂ ಚಕ್ರಗಳನ್ನು ನೆಲದಿಂದ ಎತ್ತಿಯೇ ಒಯ್ಯಬೇಕೆಂದು ಆ ಕಂಪನಿ ಹೇಳುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಓದಬೇಕಾದದ್ದು ಕಾರಿನ ಜೊತೆ ಬಂದ ಕೈಪಿಡಿಯನ್ನು. ಹೆಸರು ಒಂದೇ ಇದ್ದರೂ ವರ್ಷ ಬೇರೆಯಾದರೆ ಉತ್ತರ ಬೇರೆಯಾಗಬಹುದು. ಪಕ್ಕದ ಮನೆಯವರ ಅನುಭವ ಇಲ್ಲಿ ಪ್ರಮಾಣವಲ್ಲ.

ಸರಳು ಮತ್ತು ಸ್ಟಿಯರಿಂಗ್

ಎಳೆಯುವ ಸರಳಿಗೆ ಟೋ ಬಾರ್ ಎನ್ನುತ್ತಾರೆ. ಇಂಗ್ಲಿಷಿನ 'ಎ' ಅಕ್ಷರದ ಆಕಾರ. ಚೂಪಾದ ತುದಿ ಮೋಟಾರ್‌ಹೋಮಿನ ಹಿಂಭಾಗದ ಕೊಂಡಿಗೆ, ಎರಡು ಕಾಲುಗಳು ಕಾರಿಗೆ. ಕಾರಿನ ಬಂಪರಿಗೆ ಇದನ್ನು ಸಿಕ್ಕಿಸುವಂತಿಲ್ಲ. ಬಂಪರಿನ ಹಿಂದೆ, ಚೌಕಟ್ಟಿಗೇ, 'ಬೇಸ್ ಪ್ಲೇಟ್' ಎಂಬ ಉಕ್ಕಿನ ತುಂಡನ್ನು ಬೋಲ್ಟ್ ಹಾಕಿ ಕೂರಿಸಬೇಕು. ಇದು ಒಂದೊಂದು ಮಾದರಿಯ ಕಾರಿಗೆ ಒಂದೊಂದು. ಇವನ್ನು ತಯಾರಿಸುವ ನೆಬ್ರಾಸ್ಕಾದ ಬ್ಲೂ ಆಕ್ಸ್, ಅಯೋವಾದ ಡೆಮ್ಕೊ ಎರಡಕ್ಕೂ ಕೃಷಿ ಸಲಕರಣೆಗಳ ಹಿನ್ನೆಲೆಯಿದೆ ಎನ್ನುವುದು ಸ್ವಾರಸ್ಯಕರ.

ಸ್ಟಿಯರಿಂಗ್ ಯಾರು ತಿರುಗಿಸುತ್ತಾರೆ? ಯಾರೂ ಇಲ್ಲ! ಆಸ್ಪತ್ರೆಯ ಸ್ಟ್ರೆಚರಿನ ಗಾಲಿಗಳನ್ನು ನೆನಪಿಸಿಕೊಳ್ಳಿ. ಎಳೆದ ಕಡೆಗೆ ತಾವೇ ತಿರುಗುತ್ತವೆ. ಕಾರಿನ ಮುಂದಿನ ಚಕ್ರಗಳ ಜೋಡಣೆಯಲ್ಲೂ ಅದೇ ಗುಣವಿದೆ. ಸ್ಟಿಯರಿಂಗ್ ಬೀಗ ತೆರೆದಿದ್ದರೆ ಸಾಕು. ಆದರೆ ಸ್ಟ್ರೆಚರನ್ನು ಥಟ್ಟನೆ ಹಿಂದಕ್ಕೆ ತಳ್ಳಿದರೆ ಗಾಲಿಗಳು ಅಡ್ಡಾದಿಡ್ಡಿಯಾಗುತ್ತವಲ್ಲ, ಕಾರಿನದೂ ಅದೇ ಪಾಡು. ಹೀಗೆ ಜೋಡಿಸಿದ ಕಾರನ್ನು ರಿವರ್ಸ್ ತೆಗೆಯುವಂತಿಲ್ಲ. ತೆಗೆದರೆ ಸರಳೇ ಬಾಗಬಹುದು. ಓಣಿಯಲ್ಲಿ ಸಿಕ್ಕಿಕೊಂಡರೆ ಕಾರನ್ನು ಬಿಚ್ಚುವುದೊಂದೇ ದಾರಿ.

ಒಂದು ಲೆಕ್ಕ

ಈಗ ವಿದ್ಯಾರ್ಥಿಗಳಿಗೊಂದು ಲೆಕ್ಕ. ಅಮೆರಿಕದಲ್ಲಿ ತೂಕ ಪೌಂಡಿನಲ್ಲಿ. ಸಾವಿರ ಪೌಂಡ್ ಎಂದರೆ ಸುಮಾರು 454 ಕಿಲೋ. ಒಂದು ಮೋಟಾರ್‌ಹೋಮ್ ತಾನೂ ಸೇರಿ, ಎಳೆಯುವುದೂ ಸೇರಿ ಗರಿಷ್ಠ 26,000 ಪೌಂಡ್ ಇರಬಹುದು ಎಂದಿಟ್ಟುಕೊಳ್ಳಿ. ನೀರು, ಇಂಧನ, ಸಾಮಾನು, ಜನ ಎಲ್ಲ ತುಂಬಿ ವೇಬ್ರಿಜ್ ಮೇಲೆ ತೂಗಿದಾಗ ಅದು 21,500 ಬಂತು. ಹಿಂದಿನ ಕೊಂಡಿಯ ತಾಳಿಕೆ 5,000. ಟೋ ಬಾರಿನ ತಾಳಿಕೆ 6,500. ಕೊಂಡಿ ಎತ್ತರದಲ್ಲಿದ್ದುದರಿಂದ ಸರಳು ಮಟ್ಟಸವಾಗಲೆಂದು ನಡುವೆ ಹಾಕಿದ ಅಡಾಪ್ಟರಿನ ತಾಳಿಕೆ 4,000. ಕಾರಿನ ತೂಕ 4,200. ಎಳೆಯಬಹುದೇ?

ಇಂಜಿನ್ನಿನ ಲೆಕ್ಕದಲ್ಲಿ 4,500 ಪೌಂಡ್ ಉಳಿದಿದೆ, ಕೊಂಡಿ ಒಪ್ಪುತ್ತದೆ, ಸರಳು ಒಪ್ಪುತ್ತದೆ. ಆದರೂ ಎಳೆಯಬಾರದು. ಇಡೀ ಜೋಡಣೆಯ ತಾಳಿಕೆ ಅತಿ ದುರ್ಬಲ ಭಾಗದ ತಾಳಿಕೆಯಷ್ಟೇ, ಅಂದರೆ 4,000. ಎಲ್ಲಕ್ಕಿಂತ ಅಗ್ಗದ ತುಂಡು ಇಲ್ಲಿ ತೀರ್ಪು ಕೊಡುತ್ತದೆ. ದುಬಾರಿ ಸರಳು ಕೊಂಡೆವು, ಇನ್ನು ಭಯವಿಲ್ಲ ಎನ್ನುವವರು ಎಡವುವುದು ಇಲ್ಲೇ.

ನಿಲ್ಲಿಸುವುದು ಯಾರು?

ಆದರೆ ಎಳೆಯುವುದಕ್ಕಿಂತ ಮುಖ್ಯ ಪ್ರಶ್ನೆ ನಿಲ್ಲಿಸುವುದರದು. 'ಅಷ್ಟು ದೊಡ್ಡ ಗಾಡಿಗೆ ಈ ಕಾರೊಂದು ಭಾರವೇ? ಹಿಂದೆ ಇರುವುದೇ ಗೊತ್ತಾಗುವುದಿಲ್ಲ' ಎಂದು ಬ್ರೇಕಿನ ಸಲಕರಣೆಗೆ ಹಣ ಉಳಿಸುವವರಿದ್ದಾರೆ. ಸಮತಟ್ಟಾದ ರಸ್ತೆಯಲ್ಲಿ ಅವರ ಮಾತು ನಿಜವೆನಿಸಬಹುದು. ಆದರೆ ಗಂಟೆಗೆ 60 ಮೈಲಿ, ಅಂದರೆ ಸುಮಾರು 97 ಕಿಲೋಮೀಟರ್ ವೇಗದಲ್ಲಿರುವ ಕಾರಿನ ಚಲನ ಶಕ್ತಿ ಎಷ್ಟು? ಅದೇ ಕಾರನ್ನು ಸುಮಾರು 36 ಮೀಟರ್, ಅಂದರೆ ಹನ್ನೆರಡು ಅಂತಸ್ತಿನ ಕಟ್ಟಡದ ಎತ್ತರದಿಂದ ಕೆಳಗೆ ಬಿಟ್ಟಷ್ಟು! ವೇಗ ಅರ್ಧವಾದರೆ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ, ಮೂರು ಅಂತಸ್ತಿನಷ್ಟು. ಪಠ್ಯಪುಸ್ತಕದ ಅರ್ಧ ಎಂ ವಿ ವರ್ಗ ಸೂತ್ರ ಹೇಳುವುದು ಇದನ್ನೇ. ಕಾರಿಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಈ ಶಕ್ತಿಯಷ್ಟೂ ಮೋಟಾರ್‌ಹೋಮಿನ ಬ್ರೇಕಿನ ಮೇಲೆ ಬೀಳುತ್ತದೆ. ಇಳಿಜಾರಿನಲ್ಲಿ ತುಂಬಿದ ಎತ್ತಿನ ಗಾಡಿ ಎತ್ತುಗಳನ್ನೇ ಮುಂದಕ್ಕೆ ನೂಕುವಂತೆ ಕಾರು ಮುಂದಿನ ವಾಹನವನ್ನು ನೂಕುತ್ತದೆ.

ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. 3,000 ಪೌಂಡ್ ಮೀರಿದರೆ ಬ್ರೇಕ್ ಬೇಕೆನ್ನುವ ರಾಜ್ಯಗಳು ಹಲವು. ಆದರೆ ಭೌತಶಾಸ್ತ್ರದ ನಿಯಮ ಎಲ್ಲ ರಾಜ್ಯಗಳಲ್ಲೂ ಒಂದೇ.

ಬ್ರೇಕಿನ ಸಲಕರಣೆಗಳಲ್ಲಿ ಎರಡು ಬಗೆ. ಚಾಲಕನ ಸೀಟಿನ ಮುಂದೆ ಇಡುವ ಪೆಟ್ಟಿಗೆ ಒಂದು. ಅದರ ತೋಳನ್ನು ಬ್ರೇಕ್ ಪೆಡಲಿಗೆ ಸಿಕ್ಕಿಸುತ್ತಾರೆ. ಬಸ್ಸು ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ವಾಲುತ್ತಾರಲ್ಲ, ಅದೇ ಜಡತ್ವವನ್ನು ಪೆಟ್ಟಿಗೆಯೊಳಗಿನ ಸಾಧನ ಗುರುತಿಸಿ ಪೆಡಲ್ ಒತ್ತುತ್ತದೆ. ಕಾರು ಬದಲಾಯಿಸಿದರೆ ಪೆಟ್ಟಿಗೆಯನ್ನು ಹೊಸ ಕಾರಿಗೂ ಬಳಸಬಹುದು. ಇನ್ನೊಂದು, ಕಾರಿಗೆ ಶಾಶ್ವತವಾಗಿ ಕೂರಿಸುವಂಥದು. ಖರ್ಚು ಜಾಸ್ತಿ, ಆದರೆ ಪ್ರತಿ ಸಲ ಜೋಡಿಸುವ ತಾಪತ್ರಯವಿಲ್ಲ, ಮರೆಯುವ ಭಯವೂ ಕಡಿಮೆ. ಯಾವುದನ್ನು ಕೊಂಡರೂ ಎರಡು ಗುಣ ನೋಡಬೇಕು. ಮುಂದಿನ ವಾಹನ ಎಷ್ಟು ಬ್ರೇಕ್ ಹಾಕಿತೋ ಅಷ್ಟಕ್ಕೆ ತಕ್ಕಂತೆ ಹಿಂದಿನದೂ ಹಾಕಬೇಕು. ಹಿಂದಿನ ಬ್ರೇಕ್ ಹಿಡಿದಿದೆ ಎಂದು ಮುಂದಿನ ಚಾಲಕನಿಗೆ ದೀಪದಿಂದ ತಿಳಿಯಬೇಕು. ಬ್ರೇಕ್ ಬಿಡದೆ ಹಿಡಿದೇ ಇದ್ದರೆ ಮೈಲಿಗಟ್ಟಲೆ ಗೊತ್ತಾಗದೆ ಚಕ್ರಗಳು ಕಾದು ಬೆಂಕಿ ಹತ್ತುವ ಅಪಾಯವಿದೆ.

ಹಗ್ಗ ಹರಿದರೆ?

ಉಳಿದಿರುವುದು ಕೊನೆಯ ಕೆಲಸ. ಸರಳು ಕಳಚಿಕೊಂಡರೂ ಕಾರು ಬೇರೆಯಾಗದಂತೆ ಎರಡು ಸುರಕ್ಷಾ ಸರಪಳಿ ಅಥವಾ ಕೇಬಲ್‌ಗಳಿರಬೇಕು. ಅವನ್ನು ಸರಳಿನ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿದರೆ ಬಿದ್ದ ಸರಳು ರಸ್ತೆಗೆ ತಾಗದೆ ತೊಟ್ಟಿಲಿನಲ್ಲಿದ್ದಂತೆ ತೂಗುತ್ತದೆ. ಅವೂ ತುಂಡಾದರೆ? ಅದಕ್ಕೆ 'ಬ್ರೇಕ್‌ಅವೇ' ಸ್ವಿಚ್ ಇದೆ. ಕಾರು ಕಳಚಿಕೊಂಡು ದೂರವಾದ ತಕ್ಷಣ ತಂತಿಯೊಂದು ಪಿನ್ನನ್ನು ಕಿತ್ತು, ಕಾರಿನ ಬ್ರೇಕ್ ತಾನೇ ಬೀಳುತ್ತದೆ. ಆ ತಂತಿಯನ್ನು ಮೋಟಾರ್‌ಹೋಮಿಗೇ ಕಟ್ಟಬೇಕು. ಟೋ ಬಾರಿಗೆ ಕಟ್ಟಿದರೆ ಬಾರು ಕಾರಿನ ಜೊತೆಗೇ ಕಳಚಿಬಂದಾಗ ಪಿನ್ನು ಕೀಳುವುದೇ ಇಲ್ಲ. ಕಾರಿನ ಹಿಂದಿನ ದೀಪಗಳಿಗೂ ಮುಂದಿನಿಂದ ತಂತಿ ಎಳೆಯಬೇಕು. ಮೋಟಾರ್‌ಹೋಮಿನ ದೀಪಗಳನ್ನು ಕಾರು ಮರೆಮಾಡುವುದರಿಂದ ಹಿಂದೆ ಬರುವವರಿಗೆ ಕಾಣುವ ಸಂಕೇತ ಅದೊಂದೇ.

ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ಕಾಫಿ ಕುಡಿಯಲು ನಿಂತಾಗ ಗಮನಿಸಿ. ಅನುಭವಸ್ಥ ಚಾಲಕ ಮತ್ತೆ ಹೊರಡುವ ಮುನ್ನ ಕೆಳಗಿಳಿದು ಒಂದು ಸುತ್ತು ಬರುತ್ತಾನೆ. ಪಿನ್ನುಗಳನ್ನು ಮುಟ್ಟಿ ನೋಡುತ್ತಾನೆ, ಕಾರಿನ ಚಕ್ರಗಳ ಬಳಿ ಕೈ ಹಿಡಿದು ಬಿಸಿ ನೋಡುತ್ತಾನೆ. ಹೆಂಡತಿಯೋ ಮಗಳೋ ಹಿಂದೆ ನಿಂತು ಬ್ರೇಕ್ ದೀಪ ಹತ್ತಿತೆಂದು ಕೈ ಎತ್ತಿ ತೋರಿಸುತ್ತಾರೆ. ಆಮೇಲೆಯೇ ಇಂಜಿನ್ ಶುರು. ಸಾವಿರಾರು ಡಾಲರಿನ ಸಲಕರಣೆ ಕೊಂಡ ಮೇಲೂ ಆ ಐದು ನಿಮಿಷವನ್ನು ಅವರು ಉಳಿಸುವುದಿಲ್ಲ.