ಶಿರಾ ಹೈವೇಲಿ ಹೋದ ಆ ಸದ್ದು ಯಾವ ಕಾರಿನದು?

ಇಯರ್‌ಫೋನ್ ಹಾಕ್ಕೊಳ್ಳಿ. ಬೆಂಗಳೂರು-ಪುಣೆ ಹೆದ್ದಾರಿ 48, ಶಿರಾ ಹತ್ತಿರ. ಬರ್ತಿರೋ ಕಾರು ಯಾವುದು ಅಂತ ನೋಡದೇನೂ ಹೇಳಬಹುದು.

ಮೊದಲು ಹೋಲಿಕೆಗೆ ಮಧುಗಿರಿ ಪೇಟೆಯ ಬುಲೆಟ್ ಬೈಕ್. ಒಂದೇ ಸಿಲಿಂಡರ್, ಎಂಜಿನ್ ಎರಡು ಸುತ್ತು ತಿರುಗಿದ್ರೆ ಪೆಟ್ರೋಲ್ ಒಂದ್ಸಲ ಉರಿಯುತ್ತೆ. 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 25 ಬಡಿತ. ಅದಕ್ಕೇ ಆ ಡಗ್ ಡಗ್. ಲ್ಯಾಂಬೋರ್ಗಿನಿ ಹುರಕಾನ್‌ಗೆ ಹತ್ತು ಸಿಲಿಂಡರ್. 8000 ಆರ್‌ಪಿಎಂ ಮುಟ್ಟಿದ್ರೆ ಸೆಕೆಂಡಿಗೆ 660ಕ್ಕೂ ಜಾಸ್ತಿ! ಕಿವಿಗೆ ಬಡಿತ ಸಿಗಲ್ಲ, ಚೀರಾಟ ಅಷ್ಟೇ.

ಅಸಲಿ ಮಜಾ ಇರೋದು ವಿ8ನಲ್ಲಿ. ಫೆರಾರಿ 458, ಮಸ್ಟಾಂಗ್ ಜಿಟಿ, ಎರಡಕ್ಕೂ ಎರಡು ಸಾಲಲ್ಲಿ ಎಂಟೇ ಸಿಲಿಂಡರ್. ಆದ್ರೂ ಒಂದು ಕಿರುಚುತ್ತೆ, ಇನ್ನೊಂದು ಗುಡುಗುತ್ತೆ. ಕಾರಣ ಪಿಸ್ಟನ್‌ಗಳು ತಿರುಗಿಸೋ ಕ್ರ್ಯಾಂಕ್‌ಶಾಫ್ಟ್. ಫೆರಾರಿಯದು ಚಪ್ಪಟೆ, ಎಡ ಸಾಲು, ಬಲ ಸಾಲು ಸರದಿ ತಪ್ಪದೆ ಹೊಗೆ ಬಿಡ್ತವೆ. ಮಸ್ಟಾಂಗ್‌ನದು ಶಿಲುಬೆ ಆಕಾರ. ಒಂದೇ ಸಾಲಿಂದ ಕೆಲವು ಸಲ ಬೆನ್ನುಬೆನ್ನಿಗೆ ಎರಡು ಸಲ ಹೊಗೆ. ಆ ತಾಳ ತಪ್ಪೋದೇ ಗುಡುಗು. ನನ್ನ ವೋಟು ಅದಕ್ಕೇ.

ಕೊರಟಗೆರೆ, ಪಾವಗಡದ ಹುಡುಗ್ರೇ, ಸೈಲೆನ್ಸರ್ ಬದಲಿಸಿದ್ರೆ ಬುಲೆಟ್‌ಗೆ ಈ ಸದ್ದು ಬರಲ್ಲ, ಅಷ್ಟು ಸಿಲಿಂಡರೇ ಇಲ್ವಲ್ಲ! ಬರೋದು ಮೋಟಾರು ವಾಹನ ಕಾಯ್ದೆಯ 10,000 ರೂಪಾಯಿವರೆಗಿನ ದಂಡ.